ಮೇಸ್ತ್ರಿಯ ಹೆಬ್ಬೆಟ್ಟು

ಇನ್ನೇನು ಬೆರಳಚ್ಚು ಯಂತ್ರದ ಗಾಜಿಗೆ ತಾಗಬೇಕು, ಅಷ್ಟರಲ್ಲಿ ಕಾಫಿತೋಟದ ಆಳುಗಳ ಮೇಸ್ತ್ರಿ ದ್ಯಾವಮ್ಮನ ಹೆಬ್ಬೆರಳು ನಿಂತಿತು. ಕಂಪ್ಯೂಟರಿನಲ್ಲಿ ಮೂಡಿದ್ದು ತೋಟದ ಲೆಕ್ಕ ಬರೆಯಲು ಬಂದ ಹೊಸ ರೈಟರ್ ರಾಜೇಶನ ಫೋಟೋ. ಆತ ತೋಟದ ಯಜಮಾನ ಅರುಣನ ಹೆಂಡತಿಯ ತಮ್ಮ. ದ್ಯಾವಮ್ಮನ ಹೆಬ್ಬೆಟ್ಟು ಬಿದ್ದರೆ ಆತ ಕೆಲಸಕ್ಕೆ ಸೇರಿದ ಹಾಗೆ.

"ಒತ್ತು ದ್ಯಾವಮ್ಮ, ನಮ್ಮ ಹುಡುಗನೇ," ಎಂದ ಅರುಣ.

"ಇವ್ರು ಇನ್ನೂ ಬುಟ್ಟಿ ಹೊತ್ತಿಲ್ವಲ್ಲ ಅಯ್ಯಾ."

ಯಾರೇ ಸೇರಲಿ, ಮೊದಲು ಅವಳ ಕಣ್ಣೆದುರು ಒಂದು ಬುಟ್ಟಿ ಕಾಫಿಹಣ್ಣು ಕೊಯ್ದು, ಹೊತ್ತು ದಿಣ್ಣೆ ಹತ್ತಬೇಕು. ಅರುಣನ ಅಪ್ಪನ ಕಾಲದಿಂದಲೂ ನಡೆದುಬಂದ ಪದ್ಧತಿ.

"ರೈಟರಿಗೆ ಯಾಕಮ್ಮ ಬುಟ್ಟಿ?" ರಾಜೇಶ ತನ್ನ ಹೊಳೆಯುವ ಬೂಟು ನೋಡಿಕೊಂಡು ನಕ್ಕ. "ಭಾವ, ನೀವೇ ಒತ್ತಿ ಮುಗ್ಸಿ."

ಅರುಣ ತನ್ನ ಹೆಬ್ಬೆರಳು ಒತ್ತಿದ. ಕೆಂಪು ದೀಪ ಹತ್ತಿತು. ಶಿಫಾರಸು ಹಿಡಿದು ಬರುವವರ ಕಾಟ ತಪ್ಪಲೆಂದು, ಹೊಸಬರನ್ನು ಸೇರಿಸುವ ಅಧಿಕಾರ ಮೇಸ್ತ್ರಿಗೆ ಮಾತ್ರ ಇರಲಿ ಎಂದು ಸಾಫ್ಟ್‌ವೇರಿನವರಿಗೆ ಹೇಳಿದ್ದವನು ಅವನೇ.

ದ್ಯಾವಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಳುಗಳ ಸಾಲಿನಲ್ಲಿ ಅವಳಿದ್ದ ಲೈನ್ ಮನೆಯೂ ಅರುಣನದೇ. ಇವತ್ತು ಸಂಜೆಯೇ ಖಾಲಿ ಮಾಡು ಅಂದರೂ ಅನ್ನಬಹುದು.

ಅರುಣ ಅವಳನ್ನು ನೋಡಿದ, ಕೆಂಪು ದೀಪವನ್ನು ನೋಡಿದ. ಆಮೇಲೆ ಭಾಮೈದನ ಕಡೆ ತಿರುಗಿದ.

"ಬೂಟು ಬಿಚ್ಚಿಡು ಮಾರಾಯ. ದಿಣ್ಣೆ ಜಾರುತ್ತೆ."