ಇನ್ನೂ ಸ್ವಲ್ಪ ಮುಂದೆ

ಮಗನ ಹಾಯಿದೋಣಿಯಲ್ಲಿ ಒಮ್ಮೆಯೂ ಕಾಲಿಡದ ಅಪ್ಪ ಆ ಬೆಳಿಗ್ಗೆ ತಾವಾಗಿಯೇ ಬಂದು, "ದ್ವೀಪದವರೆಗೆ ಕರ್ಕೊಂಡು ಹೋಗು ಮಾರಾಯ" ಎಂದಿದ್ದರು. ಗಿರಿಧರನಿಗೆ ಇಲ್ಲವೆನ್ನಲು ಆಗಲಿಲ್ಲ. ಆದರೆ ದಡ ಬಿಟ್ಟಾಗಿನಿಂದ ಅವನ ಮನಸ್ಸು ಮನೆಯಲ್ಲೇ ಇತ್ತು. ಬೇರೆ ಜಾತಿಯವನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದ ತಂಗಿಯನ್ನು ಅವನು ಹದಿನೈದು ದಿನದಿಂದ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಅಪ್ಪ ಅದಕ್ಕೆ ತುಟಿ ಪಿಟಕ್ಕೆಂದಿರಲಿಲ್ಲ.

ಮಧ್ಯಾಹ್ನ ತೆಂಕಣ ಗಾಳಿ ಇದ್ದಕ್ಕಿದ್ದಂತೆ ಪಡುವಣಕ್ಕೆ ತಿರುಗಿತು. ಹಾಯಿ ಪಟಪಟ ಬಡಿದು ದೋಣಿ ವಾಲಿತು. ಈಜು ಬಾರದ ಅಪ್ಪ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು.

"ಗಾಳಿ ಸರಿ ಇಲ್ಲ ಅಪ್ಪಾ, ವಾಪಸ್ ಹೋಗುವ."

"ಇನ್ನೂ ಸ್ವಲ್ಪ ಮುಂದೆ ಹೋಗುವ."

ಗಾಳಿ ಪೂರ್ತಿ ಬಿದ್ದುಹೋಯಿತು, ಮತ್ತೆ ಬಡಗು ದಿಕ್ಕಿನಿಂದ ಎದ್ದಿತು. ಅಪ್ಪ ಎರಡು ಸಲ ವಾಂತಿ ಮಾಡಿಕೊಂಡರು.

"ಮುಖ ಬಿಳಚಿಕೊಂಡಿದೆ ನಿಮ್ಮದು. ಎಂತಕ್ಕೆ ಈ ಹಟ?" ಗಿರಿಧರ ರೇಗಿದ. "ಮನೆಯಲ್ಲಿ ಅವಳು ಒಬ್ಬಳೇ ಇದ್ದಾಳೆ."

ಅಪ್ಪ ಬಾಯಿ ಒರೆಸಿಕೊಂಡು ಗಡಿಯಾರ ನೋಡಿದರು. ಐದು ಗಂಟೆ ದಾಟಿತ್ತು. ಕೈಯನ್ನು ಮಗನ ಭುಜದ ಮೇಲಿಟ್ಟರು.

"ಈಗ ತಿರುಗಿಸು ಮಗ. ರಿಜಿಸ್ಟ್ರಾರ್ ಆಫೀಸಲ್ಲಿ ಅವಳ ಸಹಿ ಆಗಿರ್ತದೆ."