ಬೈಗುಳ ನಿಂತ ಓಣಿ

ರಸೂಲಬಿಯ ಕೈಯಿಂದ ಮಾದಲಿಯ ಬಟ್ಟಲು ಕಸಿದುಕೊಂಡು ಸಿದ್ದವ್ವ ಓಣಿಗೆಲ್ಲ ಕೇಳುವಂತೆ ಒದರಿದಳು: “ಸಕ್ಕರಿ ಬ್ಯಾನಿ ಇಟ್ಟಕೊಂಡು ಕದ್ದು ಸಿಹಿ ತಿಂತಿಯೇನ ಮುದುಕಿ? ಇನ್ನೊಮ್ಮೆ ಮುಟ್ಟಿದಿ ಅಂದ್ರ ಕೈ ಮುರದು ಒಲ್ಯಾಗ ಇಡ್ತೀನಿ ನೋಡ.”

“ಮೊದಲ ನಿನ್ನ ಹೆಣಾ ಎತ್ತಲಿ, ಆಮ್ಯಾಲ ಬಿಡ್ತೀನಿ ಸಿಹಿ,” ಎಂದು ರಸೂಲಬಿ ಅಷ್ಟೇ ಜೋರಾಗಿ ಹೇಳಿ ಬಟ್ಟಲಿಗೆ ಕೈ ಚಾಚಿದಳು.

ರೋಣದ ಆ ಓಣಿಯಲ್ಲಿ ಇದು ದಿನಾ ಬೆಳಗಿನ ಮಾತು. ಇಬ್ಬರೂ ಹತ್ತಿರದ ಸವಡಿ ಹಳ್ಳಿಯಲ್ಲಿ ಹುಟ್ಟಿ, ಕೂಡಿ ಆಡಿ, ಒಂದೇ ಓಣಿಗೆ ಸೊಸೆಯರಾಗಿ ಬಂದವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ಬೈದಾಡದ ದಿನ ಓಣಿಯವರೇ ಬಂದು ಯಾರಿಗೆ ಜ್ವರ ಎಂದು ವಿಚಾರಿಸುತ್ತಿದ್ದರು. ಆದರೆ ಎದುರಿನ ಮಾಳಿಗೆಯ ಮನೆಗೆ ಆ ವಾರವಷ್ಟೇ ಬಾಡಿಗೆಗೆ ಬಂದಿದ್ದ ಮೈಸೂರು ಕಡೆಯ ಟೀಚರು ಪೂಜಾಳಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ಹೆಣ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಒಳಗೆ ಓಡಿ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನು ಮಾಡಿದಳು.

ಬಂದ ಪೊಲೀಸರೇನು ಕೆಟ್ಟವರಲ್ಲ. ಹೆಸರು ಕೇಳಿದರು. ಒಬ್ಬಳು ಸಿದ್ದವ್ವ, ಇನ್ನೊಬ್ಬಳು ರಸೂಲಬಿ ಎಂದದ್ದೇ ಅವರ ಮುಖ ಬಿಗಿಯಿತು. ನಿಮ್ಮ ನಿಮ್ಮ ಮಂದಿಯ ನಡುವೆ ಹಿಂದೆ ಏನಾದರೂ ಗಲಾಟೆ ಇತ್ತೇ ಎಂದರು. ಸಿದ್ದವ್ವ ಹೊಟ್ಟೆ ಹಿಡಿದುಕೊಂಡು ನಕ್ಕು, ಹುಟ್ಟಿದಾಗಿನಿಂದಲೂ ಇದೆ ಎಂದಳು. ರಸೂಲಬಿ ನಗಲಿಲ್ಲ. ಅವಳ ಮಗ ಮೆಹಬೂಬಸುಭಾನಿ ಹೊಲಿಗೆ ಮಷೀನು ಬಿಟ್ಟು ಓಡಿ ಬಂದವನು ಮುಗಿದ ಕೈ ಇಳಿಸಲೇ ಇಲ್ಲ. ವಯಸ್ಸಾದವರು, ಸಮಾಧಾನದಿಂದ ಇರಿ ಎಂದು ಹೇಳಿ ಪೊಲೀಸರು ಹೋದರು. ರಸೂಲಬಿಯ ಮನೆ ಮುಂದೆ ಜೀಪು ನಿಂತಿತ್ತು ಎಂಬ ಸುದ್ದಿ ಮಾತ್ರ ಪೇಟೆಯವರೆಗೂ ಹೋಯಿತು.

ಮರುದಿನ ಗೋಡೆಯಾಚೆ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಸಿದ್ದವ್ವ ಗೋಡೆಗೆ ಬಾಯಿ ಹಚ್ಚಿ ಚಲೋತ್ನಾಗಿ ಬೈದು ನೋಡಿದಳು, ಉತ್ತರ ಬರಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೇರ ಮಾಳಿಗೆ ಹತ್ತಿ ಪೂಜಾಳ ಮುಂದೆ ನಿಂತು, ನಿನಗೆ ನಾವೇನು ಅನ್ಯಾಯ ಮಾಡಿದ್ದೆವು ತಾಯಿ, ನಮ್ಮಿಬ್ಬರ ನಡುವೆ ಪೊಲೀಸರನ್ನು ಯಾಕೆ ತಂದು ನಿಲ್ಲಿಸಿದೆ ಎಂದು ಕೇಳಿದಳು.

“ನಂಗೆ ನಿಜವಾಗ್ಲೂ ಭಯ ಆಯ್ತಮ್ಮ,” ಎಂದಳು ಪೂಜಾ. “ನಮ್ಮನೇಲಿ ಯಾರೂ ಧ್ವನಿ ಏರಿಸಿ ಮಾತಾಡಲ್ಲ. ನಮ್ಮಪ್ಪ ಅಮ್ಮಂಗೆ ಎಷ್ಟೋ ವರ್ಷದಿಂದ ಒಬ್ಬರನ್ನ ಕಂಡ್ರೆ ಒಬ್ಬರಿಗಾಗಲ್ಲ. ಆದ್ರೂ ‘ಊಟಕ್ಕೆ ಬನ್ನಿ’, ‘ಕಾಫಿ ತಗೊಳ್ಳಿ’ ಅಂತಾನೇ ಮಾತು. ಪಕ್ಕದ ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ.”

ಹುಡುಗಿ ಇದನ್ನು ಹೆಮ್ಮೆಯಿಂದ ಹೇಳಿದಳೋ ದುಃಖದಿಂದ ಹೇಳಿದಳೋ ಸಿದ್ದವ್ವನಿಗೆ ತಿಳಿಯಲಿಲ್ಲ. ಅಂಥ ಮನೆಯಲ್ಲಿ ಬೆಳೆದವಳಿಗೆ ಯಾವುದು ಸಿಟ್ಟು, ಯಾವುದು ಅಕ್ಕರೆ ಎಂದು ಹೇಗೆ ಗೊತ್ತಾಗಬೇಕು, ಪಾಪ, ಎಂದುಕೊಂಡಳು. ಆದರೂ ಅವಳ ಸಂಕಟ ಇಳಿಯಲಿಲ್ಲ. ಗೊತ್ತಾಗದಿದ್ದರೆ ಕೆಳಗಿಳಿದು ಬಂದು ಒಂದು ಮಾತು ಕೇಳಲು ಇವಳಿಗೇನು ಬ್ಯಾನಿಯಾಗಿತ್ತು? ದಡದಡ ಮೆಟ್ಟಿಲಿಳಿದು ರಸೂಲಬಿಯ ಮನೆಗೆ ನಡೆದಳು.

ಬಾಗಿಲಲ್ಲಿ ಮೆಹಬೂಬಸುಭಾನಿ ಅಡ್ಡ ನಿಂತಿದ್ದ. “ದೊಡ್ಡವ್ವ, ನಿನ್ನ ಕಾಲ ಬೀಳ್ತೀನಿ,” ಎಂದ ದನಿ ತಗ್ಗಿಸಿ. “ನೀ ಬೈದ್ರ ಮಂದಿ ನಗತಾರ. ನಮ್ಮವ್ವ ಬೈದ್ರ ಕೇಸ್ ಆಗತೈತಿ. ನಾಳೆ ಯಾರರೆ ಫೋನಿನ್ಯಾಗ ವಿಡಿಯೋ ಹಿಡದು ಊರಿಗೆಲ್ಲ ಕಳಿಸಿದ್ರ ನಾವು ಇಲ್ಲೆ ಬಾಳೇವು ಮಾಡೂದ ಹ್ಯಾಂಗ?”

“ಯಾವಾಂವ ಕಳಿಸ್ತಾನ ಕಳಿಸಲಿ. ನಾ ಅದೀನಿ,” ಎಂದ ಸಿದ್ದವ್ವ ಅವನನ್ನು ಸರಿಸಿ ಒಳಗೆ ನುಗ್ಗಿದಳು. “ಏ ರಸೂಲಿ, ಬದುಕಿದಿಯೋ ಸತ್ತಿಯೋ? ಹೊರಗ ಬಾ.”

ರಸೂಲಬಿ ತಲೆಯ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ದಿನಾ ಒಲೆಯ ಮುಂದೆ ಕಾಲು ಚಾಚಿ ಕೂಡುತ್ತಿದ್ದ ಗೆಳತಿಗೆ ಪಡಸಾಲೆಯಲ್ಲಿ ಕುರ್ಚಿ ಹಾಕಿ, ಅದರ ಧೂಳನ್ನು ಒರೆಸಿದಳು. ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

“ಬರ್ರಿ ಸಿದ್ದವ್ವನವರ, ಕುಂಡರ್ರಿ. ಚಹಾ ತಗೋತೀರೇನ್ರಿ?”

ಸಿದ್ದವ್ವ ಕುರ್ಚಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ಗಂಡ ತೀರಿಕೊಂಡಾಗ ಅನ್ನ ನೀರು ಬಿಟ್ಟು ಮಲಗಿದ್ದ ತನ್ನನ್ನು ಇದೇ ರಸೂಲಬಿ ಬಾಯಿಗೆ ಬಂದಂತೆ ಬೈದು ಎಬ್ಬಿಸಿ ರೊಟ್ಟಿ ತಿನ್ನಿಸಿದ್ದಳು. ಈಗ ನೋಡಿದರೆ ತೆರಿಗೆ ವಸೂಲಿಗೆ ಬಂದ ಸಾಹೇಬರಿಗೆ ಮಾಡುವ ಉಪಚಾರ ತನಗೆ ನಡೆದಿದೆ. ಕುಳಿತರೆ ಇದನ್ನು ಒಪ್ಪಿಕೊಂಡಂತೆ ಎಂದು ಅವಳು ಕೂಡದೆ ಹೊರಗೆ ಬಂದಳು.

ಎದುರಿನ ಮಾಳಿಗೆಯಿಂದ ಬಾಗಿ, ತೆರೆದ ಬಾಗಿಲಲ್ಲಿ ಎಲ್ಲವನ್ನೂ ನೋಡುತ್ತಿದ್ದ ಪೂಜಾಳ ಮುಖದಲ್ಲಿ ಈಗ ನಿರಾಳ ನಗೆ. “ಅಬ್ಬ, ಎಷ್ಟು ಚೆನ್ನಾಗಿ ಮಾತಾಡ್ಕೊಂಡ್ರಿ, ನೋಡಿ,” ಎಂದಳು.

ಸಿದ್ದವ್ವ ಓಣಿಯ ನಡುವೆ ನಿಂತು ತಲೆಯೆತ್ತಿದಳು. ಈ ಸಲ ಒದರಲಿಲ್ಲ, ತಗ್ಗಿದ ದನಿಯಲ್ಲೇ ಹೇಳಿದಳು:

“ಫೋನ್ ಹಚ್ಚರಿ ಟೀಚರ, ಪೊಲೀಸರನ್ನ ಕರೀರಿ. ನಮ್ಮಿಬ್ಬರದು ಜಗಳಾ ಈಗ ಆಗೇತಿ.”