ಒಂದು ಕಿಲೋ ಹೆಚ್ಚು

ಕಳೆದ ತಿಂಗಳು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಚಂಚಲತೆಗೆ ಕೊಡೋ ಈ ಮಾತ್ರೆ ಹಸಿವನ್ನೇ ತಿಂದುಹಾಕುತ್ತೆ. ಮಗು ತೂಕ ಇನ್ನೂ ಇಳಿದ್ರೆ ನಿಲ್ಲಿಸಿಬಿಡ್ತೀನಿ."

ಮಾತ್ರೆ ನಿಂತರೆ ಶಾಲೆಯವರು ಟಿ.ಸಿ. ಕೊಟ್ಟು ಕಳಿಸುತ್ತಾರೆ. ಅದಕ್ಕೇ ತಾಯಿ ಈ ಬೆಳಿಗ್ಗೆ ಎಂದಿನಂತೆ ಮಾತ್ರೆ ನುಂಗಿಸಿದ ಮೇಲೆ, ಮಗಳ ಲಂಗದೊಳಗೆ ಎರಡು ಜೇಬು ಹೊಲಿದು, ಗಂಡನ ತರಕಾರಿ ಅಂಗಡಿಯ ಒಂದೊಂದು ಕಿಲೋದ ತೂಕದ ಬಟ್ಟುಗಳನ್ನು ಇಳಿಬಿಟ್ಟಿದ್ದಳು.

"ಕುಣೀಬೇಡ, ಟಣ್ ಅನ್ನುತ್ತೆ."

"ನಾನೆಲ್ಲಮ್ಮಾ ಈಗ ಕುಣೀತೀನಿ?" ಎಂದಳು ಎಂಟು ವರ್ಷದ ಮಗಳು.

ಆಸ್ಪತ್ರೆಯಲ್ಲಿ ನರ್ಸು ಮಗಳ ನಾಡಿ ಹಿಡಿದಳು. "ಓಡ್ತಾ ಇದೆಯಲ್ರೀ?"

"ಮೆಟ್ಟಿಲು ಹತ್ತಿ ಬಂದ್ವಿ ಸಿಸ್ಟರ್."

ತೂಕದ ಮುಳ್ಳು ಕಳೆದ ಸಲಕ್ಕಿಂತ ಒಂದು ಕಿಲೋ ಮೇಲೆ ನಿಂತಾಗ ತಾಯಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ಮಾತ್ರ ನಗಲಿಲ್ಲ.

"ಇದನ್ನ ನುಂಗೋ ಮಗು ಒಂದೇ ತಿಂಗಳಲ್ಲಿ ಹಿಂಗೆ ಮೈತುಂಬಿಕೊಳ್ಳಲ್ಲಮ್ಮ. ನೀವು ಮಾತ್ರೆ ಕಸಕ್ಕೆ ಹಾಕ್ತಿದ್ದೀರ."

"ಅಯ್ಯೋ, ದೇವರಾಣೆ ಇಲ್ಲ ಸಾರ್!"

"ಇವತ್ತಿಂದು ಕೊಟ್ಟಿದ್ದೀರಾ? ಕೊಟ್ಟಿದ್ರೆ ಎರಡನೇದು ಬೇಡ, ಎದೆಗೆ ಅಪಾಯ. ಆಸ್ಪತ್ರೆ ಗೌನು ಹಾಕಿಸಿ ಇನ್ನೊಂದ್ಸಲ ತೂಗೋಣ. ಕೊಟ್ಟಿಲ್ಲ ಅಂದ್ರೆ ನನ್ನೆದುರೇ ನುಂಗಿಸಿ, ನಂಬ್ತೀನಿ."

ತಾಯಿ ಮಗಳ ಲಂಗವನ್ನೊಮ್ಮೆ ನೋಡಿದಳು.

"ಇವತ್ತು ಮರೆತೇಬಿಟ್ಟೆ ಸಾರ್," ಎಂದು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದಳು.